ಮೈದಾನ ಯಾರದು? ಮೆಲ್ಬರ್ನ್ ಬಡಾವಣೆಗಳ ಫುಟ್‌ಬಾಲ್ ಕೂಟದ ಚರಿತ್ರೆ



1964ರಲ್ಲಿ ಮೆಲ್ಬರ್ನಿನ ಒಂದು ಫುಟ್‌ಬಾಲ್ ಕೂಟ, ಹಿಂದಿನ ವರ್ಷವಷ್ಟೇ ಕಪ್ ಗೆದ್ದಿದ್ದ ತನ್ನದೇ ತಂಡವನ್ನು ಅಮಾನತು ಮಾಡಿತು. ತಂಡದ ಹೆಸರು ಮೂರಾಬಿನ್. ಆಟಗಾರರು ಹೊಡೆದಾಡಿರಲಿಲ್ಲ, ಯಾರೂ ದುಡ್ಡು ತಿಂದಿರಲಿಲ್ಲ. ಎದುರಾಳಿ ಲೀಗಿನ ಸೇಂಟ್ ಕಿಲ್ಡಾ ಕ್ಲಬ್ಬನ್ನು ತಮ್ಮ ಮೈದಾನಕ್ಕೆ ಕರೆತರುವ ಮಾತುಕತೆಗೆ ಮೂರಾಬಿನ್ ಕ್ಲಬ್ಬಿನವರು ಕೈಜೋಡಿಸಿದ್ದರು, ಅಷ್ಟೆ. ಶಿಕ್ಷೆ ಅತಿಯಾಯಿತು ಅನ್ನಿಸಬಹುದು. ಅದಕ್ಕೆ ಮುಂಚಿನ ಎಂಬತ್ತೇಳು ವರ್ಷ ಆ ಕೂಟ ಏನೇನು ಕಳೆದುಕೊಂಡಿತ್ತು ಎಂದು ತಿಳಿದರೆ ಅದರ ಸಿಟ್ಟಿಗೆ ಕಾರಣ ಸಿಗುತ್ತದೆ.

ಕೂಟದ ಹೆಸರು ವಿಕ್ಟೋರಿಯನ್ ಫುಟ್‌ಬಾಲ್ ಅಸೋಸಿಯೇಷನ್. ಆಟ ನಮಗೆ ಗೊತ್ತಿರುವ ಫುಟ್‌ಬಾಲ್ ಅಲ್ಲ, ಆಸ್ಟ್ರೇಲಿಯನ್ ರೂಲ್ಸ್. ಚೆಂಡೂ ಅಂಡಾಕಾರ, ಮೈದಾನವೂ ಅಂಡಾಕಾರ. ಒಂದೊಂದು ಕಡೆ 18 ಜನ, ಒಂದೊಂದು ತುದಿಯಲ್ಲಿ ನಾಲ್ಕು ಕಂಬ. ನಡುವಿನ ಎರಡು ಕಂಬಗಳೊಳಗೆ ಒದ್ದರೆ 6 ಅಂಕ, ಪಕ್ಕದ ಕಂಬದೊಳಗೆ ಹೋದರೆ 1. ಚೆಂಡನ್ನು ಹಿಡಿದು ಓಡಬಹುದು, ಎಸೆಯುವಂತಿಲ್ಲ. ಒಂದು ಅಂಗೈಯಲ್ಲಿಟ್ಟು ಇನ್ನೊಂದು ಮುಷ್ಟಿಯಿಂದ ಗುದ್ದಿ ಸಾಗಿಸಬೇಕು. ಈ ಕೊನೆಯ ನಿಯಮವನ್ನು ನೆನಪಿಟ್ಟುಕೊಳ್ಳಿ.

ಆಟ ಹುಟ್ಟಿದ್ದು ಕ್ರಿಕೆಟಿಗರ ಕೈಯಲ್ಲಿ. ಚಳಿಗಾಲದಲ್ಲಿ ಮೈ ಜಡವಾಗದಿರಲು ಫುಟ್‌ಬಾಲ್ ಕ್ಲಬ್ ಕಟ್ಟೋಣ ಎಂದು ಕ್ರಿಕೆಟಿಗ ಟಾಮ್ ವಿಲ್ಸ್ 1858ರಲ್ಲಿ ಪತ್ರಿಕೆಗೆ ಬರೆದ. ಮರುವರ್ಷ ನಿಯಮಗಳು ಬರಹಕ್ಕೆ ಬಂದವು. ಹಾಗಾಗಿ ಫುಟ್‌ಬಾಲ್ ಮೊದಲಿನಿಂದಲೂ ಬಾಡಿಗೆದಾರ. ಬೇಸಿಗೆಯಲ್ಲಿ ಕ್ರಿಕೆಟ್ ಆಡುವ ಮೈದಾನದಲ್ಲೇ ಚಳಿಗಾಲದಲ್ಲಿ ಫುಟ್‌ಬಾಲ್. ಬಡಾವಣೆಗಳಲ್ಲಿ ಆ ಮೈದಾನದ ಯಜಮಾನಿಕೆ ಹೆಚ್ಚಾಗಿ ಪುರಸಭೆಯದು. ಕಪ್ ಗೆದ್ದವರ ಪಟ್ಟಿಯನ್ನೇ ಚರಿತ್ರೆ ಎಂದು ಒಪ್ಪಿಸುವವರು ಈ ಬಾಡಿಗೆಯ ಲೆಕ್ಕವನ್ನು ಮರೆಯುತ್ತಾರೆ. ನನಗೆ ಅದೇ ಮುಖ್ಯ.

ಅಸೋಸಿಯೇಷನ್ ಹುಟ್ಟಿದ್ದು 1877ರಲ್ಲಿ, ಮೊದಲ ಕಪ್ ಕಾರ್ಲ್‌ಟನ್ ಪಾಲು. ಎರಡು ದಶಕ ಕಳೆಯುವಷ್ಟರಲ್ಲಿ ಟಿಕೆಟ್ ಹಣದ ಜಗಳ. ದೊಡ್ಡ ಕ್ಲಬ್ಬುಗಳ ಗಳಿಕೆಯನ್ನು ಬಡ ಕ್ಲಬ್ಬುಗಳಿಗೂ ಹಂಚಬೇಕು ಎಂಬ ಮಾತೆದ್ದಾಗ, ಒಟ್ಟು ಕುಟುಂಬದಲ್ಲಿ ದುಡಿಯುವ ಅಣ್ಣ ಪಾಲು ಕೇಳುವ ಹಾಗೆ, ಬಲಿಷ್ಠರು ಎದ್ದು ಹೊರಟರು. 1896ರ ಋತುವಿನ ಕೊನೆಗೆ ಎಂಟು ಕ್ಲಬ್ಬುಗಳು ಸೇರಿ ವಿಕ್ಟೋರಿಯನ್ ಫುಟ್‌ಬಾಲ್ ಲೀಗ್ ಕಟ್ಟಿದವು. ಆ ವರ್ಷದ ಕಪ್ ಗೆದ್ದ ಕಾಲಿಂಗ್‌ವುಡ್ ಕೂಡ ಅವರ ಜೊತೆ. ಹಿಂದೆ ಉಳಿದದ್ದು ಐದು: ಫುಟ್‌ಸ್ಕ್ರೇ, ನಾರ್ತ್ ಮೆಲ್ಬರ್ನ್, ಪೋರ್ಟ್ ಮೆಲ್ಬರ್ನ್, ರಿಚ್ಮಂಡ್, ವಿಲಿಯಮ್ಸ್‌ಟೌನ್.

ಅಲ್ಲಿಂದ ಮುಂದೆ ಅದೇ ಒಂದು ಕ್ರಮವಾಗಿಹೋಯಿತು. ಅಸೋಸಿಯೇಷನ್ ಬೆಳೆಸುವುದು, ಲೀಗ್ ಕೊಯ್ದುಕೊಳ್ಳುವುದು. 1908ಕ್ಕೆ ರಿಚ್ಮಂಡ್ ಹೋಯಿತು. 1924ರಲ್ಲಿ ಅಸೋಸಿಯೇಷನ್ನಿನ ಚಾಂಪಿಯನ್ ಫುಟ್‌ಸ್ಕ್ರೇ, ಯುದ್ಧದಲ್ಲಿ ಕೈಕಾಲು ಕಳೆದುಕೊಂಡ ಸೈನಿಕರ ಸಹಾಯಾರ್ಥ ಪಂದ್ಯದಲ್ಲಿ ಲೀಗಿನ ಚಾಂಪಿಯನ್ ಎಸೆಂಡನ್ ತಂಡವನ್ನೇ ಸೋಲಿಸಿತು. ಆ ಗೆಲುವಿನ ಸುಖ ಉಳಿದದ್ದು ಕೆಲವೇ ತಿಂಗಳು. 1925ಕ್ಕೆ ಫುಟ್‌ಸ್ಕ್ರೇ, ಹಾಥಾರ್ನ್, ನಾರ್ತ್ ಮೆಲ್ಬರ್ನ್ ಮೂರೂ ಲೀಗಿಗೆ ಸೇರಿದವು.

ಈ ಕೂಟ ಒಳಗೆ ಬಿಟ್ಟುಕೊಂಡವರನ್ನೂ ಹೇಳಬೇಕು. ಯೋರ್ಟಾ ಯೋರ್ಟಾ ಎಂಬ ಮೂಲನಿವಾಸಿ ಜನಾಂಗದ ಡಗ್ ನಿಕೋಲ್ಸ್ ಲೀಗಿನ ಕಾರ್ಲ್‌ಟನ್ ಕ್ಲಬ್ಬಿಗೆ ಹೋಗಿ, ಅಲ್ಲಿ ನೆಲೆ ಸಿಗದೆ 1927ರಲ್ಲಿ ಅಸೋಸಿಯೇಷನ್ನಿನ ನಾರ್ತ್‌ಕೋಟ್ ಸೇರಿದರು. ಗಿಡ್ಡ ಆಳು, ಮಿಂಚಿನ ಓಟ. 1929ರ ಕಪ್ ಗೆದ್ದ ತಂಡದಲ್ಲಿ ಅವರಿದ್ದರು. ಮುಂದೆ ಪಾದ್ರಿಯಾದರು, ಸರ್ ಪದವಿ ಪಡೆದರು, 1976ರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಗವರ್ನರ್ ಆದರು.

1938ರಲ್ಲಿ ಅಸೋಸಿಯೇಷನ್ ಸಹನೆ ಬಿಟ್ಟಿತು. ಆಟವನ್ನೇ ಬದಲಿಸಿತು: ಚೆಂಡನ್ನು ಎಸೆಯಬಹುದು! ಗುದ್ದಿ ಸಾಗಿಸುವ ಕಡೆ ಎಸೆದು ಸಾಗಿಸಿದಾಗ ಆಟಕ್ಕೆ ವೇಗ ಬಂತು. ಇನ್ನೊಂದು ಕಡೆ, ಲೀಗಿನ ಆಟಗಾರರನ್ನು ಅದರ ಅನುಮತಿ ಪತ್ರ ಕೇಳದೆಯೇ ಸೆಳೆಯತೊಡಗಿತು. ಲಾರಿ ನ್ಯಾಶ್ ಕ್ಯಾಂಬರ್‌ವೆಲ್‌ಗೆ ಬಂದ, ಬಾಬ್ ಪ್ರ್ಯಾಟ್ ಕೋಬರ್ಗ್‌ಗೆ. 1939ರಲ್ಲಿ ಕಾಲಿಂಗ್‌ವುಡ್ ಪರ 121 ಗೋಲು ಹೊಡೆದಿದ್ದ ರಾನ್ ಟಾಡ್ ಮರುವರ್ಷ ವಿಲಿಯಮ್ಸ್‌ಟೌನ್ ಸೇರಿದ. 1945ರ ಒಂದೇ ಋತುವಿನಲ್ಲಿ 188 ಗೋಲು. ಲೀಗ್‌ನವರು ಇದನ್ನು ಕಳ್ಳತನ ಎಂದರು. ನಲವತ್ತು ವರ್ಷ ಕ್ಲಬ್ಬುಗಳನ್ನೇ ಎತ್ತಿಕೊಂಡು ಹೋದವರು ಆ ಮಾತಾಡಿದರೆ ನಗು ಬರುತ್ತದೆ. 1949ರಲ್ಲಿ ರಾಜಿಯಾಯಿತು, ಎಸೆತದ ನಿಯಮ ಹೋಯಿತು. ನನ್ನ ಮಟ್ಟಿಗೆ ಅಸೋಸಿಯೇಷನ್ ಅತ್ಯಂತ ಧೈರ್ಯವಾಗಿ ಬದುಕಿದ್ದು ಈ ಹನ್ನೆರಡು ಋತುಗಳಲ್ಲಿ. ಅದರಲ್ಲೂ ಮೂರನ್ನು ಯುದ್ಧ ನುಂಗಿತು.

ಎರಡನೆಯ ಉಪಾಯ ಭಾನುವಾರ. ಲೀಗ್‌ ವಿಕ್ಟೋರಿಯಾದಲ್ಲಿ ಭಾನುವಾರ ಆಡುವಂತಿರಲಿಲ್ಲ. ಅಸೋಸಿಯೇಷನ್ 1960ರಿಂದ ಆಡತೊಡಗಿತು. ಶನಿವಾರ ಲೀಗ್ ನೋಡಿದವನೇ ಭಾನುವಾರ ಪಕ್ಕದ ಬೀದಿಯ ಮೈದಾನಕ್ಕೆ ಬಂದ. 1967ರಿಂದ ಟಿ.ವಿ.ಯೂ ಬಂತು. ಪೋರ್ಟ್ ಮೆಲ್ಬರ್ನಿನ ಆಟಗಾರ ಫ್ರೆಡ್ ಕುಕ್ ಮನೆಮನೆಗೆ ಪರಿಚಿತನಾದದ್ದು ಹೀಗೆ.

ಅದೇ ಹೊತ್ತಿಗೆ ಮೈದಾನಗಳ ಮೇಲೆ ಲೀಗಿನ ಕಣ್ಣು ಬಿತ್ತು. ಒಳನಗರದ ಇಕ್ಕಟ್ಟಿನಲ್ಲಿ, ಕ್ರಿಕೆಟ್ ಕ್ಲಬ್ಬುಗಳ ಅಧೀನದಲ್ಲಿ ಇದ್ದ ಕ್ಲಬ್ಬುಗಳಿಗೆ ಹೊಸ ಬಡಾವಣೆಯ ಜಾಗ ಬೇಕಿತ್ತು. ಪುರಸಭೆಗಳಿಗೆ ದೊಡ್ಡ ಲೀಗಿನ ಮೆರುಗು ಬೇಕಿತ್ತು. ಇವೆರಡರ ನಡುವೆ ಸಿಕ್ಕದ್ದು ಮೂರಾಬಿನ್. ಶಿಕ್ಷೆಯಿಂದ ಏನೂ ಉಳಿಯಲಿಲ್ಲ. 1965ರಲ್ಲಿ ಸೇಂಟ್ ಕಿಲ್ಡಾ ಆ ಮೈದಾನಕ್ಕೆ ಬಂತು, 1966ರಲ್ಲಿ ತನ್ನ ಮೊದಲ ಕಪ್ಪನ್ನು ಒಂದೇ ಅಂಕದಿಂದ ಗೆದ್ದಿತು. ಇಂದಿಗೂ ಅದಕ್ಕಿರುವುದು ಅದೊಂದೇ. ಅದೇ 1965ರಲ್ಲಿ ನಾರ್ತ್ ಮೆಲ್ಬರ್ನ್ ಕೋಬರ್ಗ್ ಮೈದಾನಕ್ಕೆ ಬಂದು, ಅಲ್ಲಿನ ಕ್ಲಬ್ಬನ್ನು ಎರಡು ಹೋಳು ಮಾಡಿ, ಒಂದೇ ಋತುವಿಗೆ ವಾಪಸ್ ಹೋಯಿತು.

ಭಾನುವಾರವೂ ಕೈಬಿಟ್ಟಿತು. 1982ರಲ್ಲಿ ಲೀಗಿನ ಸೌತ್ ಮೆಲ್ಬರ್ನ್ ಸಿಡ್ನಿಗೆ ವಲಸೆ ಹೋಗಿ ಭಾನುವಾರ ಆಡಿತು. ಅಲ್ಲಿಂದ ನೇರಪ್ರಸಾರ ಮೆಲ್ಬರ್ನಿಗೆ ಬಂದ ಮೇಲೆ ಬಡಾವಣೆಯ ಮೈದಾನಕ್ಕೆ ಹೋಗುವವರು ಯಾರು? ಯಾರ‌್ರಾವಿಲ್, ನಾರ್ತ್‌ಕೋಟ್, ಬ್ರನ್ಸ್‌ವಿಕ್, ಕ್ಯಾಂಬರ್‌ವೆಲ್, ಡ್ಯಾಂಡಿನಾಂಗ್ ಒಂದೊಂದಾಗಿ ಕೂಟದಿಂದ ಕಣ್ಮರೆಯಾದವು.

1990ರಲ್ಲಿ ಲೀಗ್ ದೇಶವ್ಯಾಪಿಯಾಗಿ ಹೆಸರು ಬದಲಿಸಿಕೊಂಡಿತು. ಅದು ಬಿಟ್ಟ ಹಳೆಯ ಹೆಸರು 1996ರಲ್ಲಿ ಅಸೋಸಿಯೇಷನ್ನಿನ ಕೊರಳಿಗೆ ಬಿತ್ತು. 2000ದಿಂದ ದೊಡ್ಡ ಕ್ಲಬ್ಬುಗಳ ಎರಡನೆಯ ತಂಡಗಳೂ ಅದರಲ್ಲೇ ಆಡುತ್ತಿವೆ. ಹಳಬರು ಇದನ್ನು ಸಾವು ಎನ್ನುತ್ತಾರೆ. ನಾನು ಒಪ್ಪುವುದಿಲ್ಲ. 2011ರಲ್ಲಿ ಪೋರ್ಟ್ ಮೆಲ್ಬರ್ನ್ ಒಂದೂ ಪಂದ್ಯ ಸೋಲದೆ ಕಪ್ ಎತ್ತಿತು. ಫೈನಲ್‌ನಲ್ಲಿ ಅದರ ಎದುರಿಗಿದ್ದದ್ದು ವಿಲಿಯಮ್ಸ್‌ಟೌನ್. ಎರಡೂ 1896ರಲ್ಲಿ ಹಿಂದೆ ಉಳಿದಿದ್ದ ಐದರ ಪೈಕಿ.