ಹಗಲಿನ ಪುಟ, ಇರುಳಿನ ಪುಟ



ತುಮಕೂರಿನ ಅಂತರಸನಹಳ್ಳಿ ತರಕಾರಿ ಮಾರುಕಟ್ಟೆಗೆ ಹೊರಡುವ ಮುನ್ನ, ನಸುಕಿನ ಕತ್ತಲಲ್ಲಿ ಮೊಬೈಲಿನಲ್ಲಿ ದರ ನೋಡುವ ರೈತರೊಬ್ಬರನ್ನು ಕಲ್ಪಿಸಿಕೊಳ್ಳಿ. ಬಿಳಿಯ ಪುಟ ಅವರ ಕಣ್ಣು ಕುಕ್ಕುತ್ತದೆ. ಪುಟ ಕಪ್ಪಾಗಿದ್ದರೆ ನಡುಹಗಲಿನ ಬಿಸಿಲಲ್ಲಿ ಅಕ್ಷರ ಗುರುತಿಸುವುದು ಕಷ್ಟ. ಒಂದು ಅಂಕಿ ತಪ್ಪಿ ಓದಿದರೂ ನಷ್ಟ ಅವರದೇ. ಆದ್ದರಿಂದ ಜಾಲತಾಣದ ಬಣ್ಣವೆಂಬುದು ಕೇವಲ ಅಲಂಕಾರವಲ್ಲ.

ಈ ಎರಡು ಬಗೆಗಳು ನಮಗೆ ಹೊಸತಲ್ಲ. ತಾಳೆಗರಿಯಲ್ಲಿ ಕಂಠದಿಂದ ಕೊರೆದು ಮಸಿ ಸವರಿದರೆ ತಿಳಿಬಣ್ಣದ ಮೇಲೆ ಕಪ್ಪು ಅಕ್ಷರ ಮೂಡುತ್ತಿತ್ತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಿಲಪುಡಿಯನ್ನೂ ಬಳಿದು ಮಾಡಿದ ಕಡತದಲ್ಲಿ, ಬಳಪದಿಂದ ಕಪ್ಪಿನ ಮೇಲೆ ಬಿಳಿಯಾಗಿ ಬರೆಯುತ್ತಿದ್ದರು. ವರ್ತಕರ ಲೆಕ್ಕಗಳೂ ಶೃಂಗೇರಿ ಮಠದ ದಾಖಲೆಗಳೂ ಹೀಗೆ ಕಡತಗಳಲ್ಲಿ ಉಳಿದಿವೆ. ಓಲೆ ಕಡತವಾಗದು, ಜಾಲತಾಣದ ಪುಟ ಮಾತ್ರ ಎರಡೂ ಆಗಬಲ್ಲದು.

2019ರಲ್ಲಿ ಆಂಡ್ರಾಯ್ಡ್ 10 ಮತ್ತು ಐಓಎಸ್ 13 ಇಡೀ ಫೋನಿಗೆ ಕಪ್ಪು ಬಗೆಯನ್ನು ಒದಗಿಸಿದವು. ಬಳಕೆದಾರರ ಆಯ್ಕೆಯನ್ನು ಪುಟಕ್ಕೆ ತಿಳಿಸುವ ಸಿ.ಎಸ್.ಎಸ್. ಷರತ್ತಿಗೆ 'ಪ್ರಿಫರ್ಸ್-ಕಲರ್-ಸ್ಕೀಮ್' ಎಂದು ಹೆಸರು.

ಹಾಗಾದರೆ ಕಪ್ಪು ಬಿಳುಪನ್ನು ಅದಲುಬದಲು ಮಾಡಿದರೆ ಸಾಕೆ? ಸಾಲದು. ಶುದ್ಧ ನೀಲಿ ಅಕ್ಷರಕ್ಕೆ ಬಿಳಿಯ ಮೇಲೆ ಸುಮಾರು 8.6:1 ವ್ಯತ್ಯಾಸವಿದೆ, ಕಪ್ಪಿನ ಮೇಲೆ ಅದೇ ನೀಲಿಗೆ ಸುಮಾರು 2.4:1 ಮಾತ್ರ. ಸಾಮಾನ್ಯ ಗಾತ್ರದ ಅಕ್ಷರಕ್ಕೆ ಅಂತರರಾಷ್ಟ್ರೀಯ ಮಾರ್ಗಸೂಚಿ ಕೇಳುವುದು ಕನಿಷ್ಠ 4.5:1. ಎಂದರೆ ಇರುಳಿನ ಪುಟಕ್ಕೆ ಬೇರೆಯೇ ತಿಳಿನೀಲಿ ಬೇಕು.

ಇದಕ್ಕೆ ಸುಲಭ ದಾರಿಯೊಂದಿದೆ. ಬಣ್ಣಗಳನ್ನು 'ನೀಲಿ', 'ಬೂದು' ಎಂದು ಕರೆಯದೆ, 'ಹಿನ್ನೆಲೆ', 'ಅಕ್ಷರ', 'ಕೊಂಡಿ' ಎಂದು ಅವುಗಳ ಕೆಲಸದಿಂದ ಹೆಸರಿಸಿ. ಈ ಹೆಸರುಗಳನ್ನು ಸ್ಟೈಲ್ ಶೀಟಿನ ಮೊದಲಿಗೇ ಒಮ್ಮೆ ಬರೆದಿಟ್ಟು, ಉಳಿದೆಲ್ಲೆಡೆ ಹೆಸರನ್ನಷ್ಟೇ ಬಳಸಿ. ಕಪ್ಪು ಬಗೆಗೆ ಆ ಕೆಲವು ಬೆಲೆಗಳನ್ನು ಮಾತ್ರ ಬದಲಿಸಿದರಾಯಿತು. ನೂರಾರು ಸಾಲುಗಳನ್ನು ತಿದ್ದಬೇಕಿಲ್ಲ. 'ಕಲರ್-ಸ್ಕೀಮ್' ಗುಣವನ್ನೂ ಸೇರಿಸಿದರೆ ಅರ್ಜಿಯ ಚೌಕಗಳೂ ಪಕ್ಕದ ಸರಿಪಟ್ಟಿಯೂ ಪುಟದೊಡನೆ ಬದಲಾಗುತ್ತವೆ.

ಇನ್ನೆರಡು ಮಾತು. ಫೋನಿನ ಆಯ್ಕೆ ಏನೇ ಇರಲಿ, ಪುಟದಲ್ಲೊಂದು ಗುಂಡಿ ಇರಲಿ. ಬಳಕೆದಾರರು ಒತ್ತಿದ್ದನ್ನು ಬ್ರೌಸರಿನಲ್ಲಿ ನೆನಪಿಟ್ಟು, ಮುಂದಿನ ಸಲ ಪುಟ ಮೂಡುವ ಮೊದಲೇ ಓದಿಕೊಳ್ಳಬೇಕು. ಇಲ್ಲವಾದರೆ ಕತ್ತಲಲ್ಲಿ ಬಿಳಿಯ ಮಿಂಚು ಹೊಡೆದಂತಾಗುತ್ತದೆ. ಎರಡನೆಯದಾಗಿ, ನಮ್ಮ ಒತ್ತಕ್ಷರಗಳು ಚಿಕ್ಕವು. ಕಡುಗಪ್ಪಿನ ಮೇಲೆ ಅಚ್ಚ ಬಿಳಿಯನ್ನಿಟ್ಟರೆ ಹಲವರ ಕಣ್ಣಿಗೆ ಅವು ಹರಡಿದಂತೆ ಕಾಣುತ್ತವೆ. ತುಸು ಬೂದು ಬೆರೆಸಿ, ಅಕ್ಷರವನ್ನು ಕೊಂಚ ದೊಡ್ಡದು ಮಾಡಿ.

ನಿಮ್ಮ ಪುಟವನ್ನು ಒಮ್ಮೆ ಬಿಸಿಲಿನಲ್ಲೂ ಒಮ್ಮೆ ದೀಪವಾರಿಸಿದ ಕೋಣೆಯಲ್ಲೂ ಓದಿ ನೋಡಿ. ದರದ ಅಂಕಿ ಎರಡು ಕಡೆಯೂ ಸ್ಪಷ್ಟವಾಗಿ ಕಂಡರೆ ಕೆಲಸ ಸರಿಯಾಗಿದೆ ಎಂದು ತಿಳಿಯಬಹುದು.