ಔಷಧ ಕೊಡುವ ಕೈಗೆ ಅಂಕ

ಮೂವತ್ತು ವರ್ಷಕ್ಕೂ ಮಿಕ್ಕಿ ಉತ್ತರಪತ್ರಿಕೆಗಳಿಗೆ ಅಂಕ ಹಾಕಿದವನು ನಾನು. ಅನ್ಯರನ್ನು ತೂಗುವ ಕಾರ್ಯ ಸುಲಭವೆಂಬ ಭ್ರಮೆ ಆ ವೃತ್ತಿಯಿಂದ ಬಂದೇ ಬರುತ್ತದೆ. ನನ್ನ ಭ್ರಮೆ ಹರಿದದ್ದು ಒಂದು ಆಸ್ಪತ್ರೆಯ ಔಷಧಾಲಯದ ಕಿಟಕಿಯ ಮುಂದೆ.

ಕೀಲುವಾತದಿಂದ ಬಳಲುತ್ತಿದ್ದ ನನ್ನ ಪತ್ನಿಗೆ ವೈದ್ಯರು ಮೆಥೋಟ್ರೆಕ್ಸೇಟ್ ಎಂಬ ಮಾತ್ರೆಯನ್ನು ಬರೆದುಕೊಟ್ಟಿದ್ದರು. ಸರದಿ ಹನುಮಂತನ ಬಾಲದಂತೆ ಬೆಳೆದಿತ್ತು. ಒಳಗಿದ್ದ ಫಾರ್ಮಸಿಸ್ಟರು ಪ್ರತಿಯೊಬ್ಬರೊಡನೆಯೂ ಮಾತಿಗಿಳಿಯುತ್ತಿದ್ದರು. ಎಂಥ ನಿಧಾನದ ಮನುಷ್ಯನೆಂದು ಮನಸ್ಸಿನಲ್ಲೇ ಅವರನ್ನು ಅನುತ್ತೀರ್ಣಗೊಳಿಸಿದೆ. ನಮ್ಮ ಸರದಿ ಬಂದಾಗ ಅವರು ಕೇಳಿದರು: "ಇದನ್ನು ಹೇಗೆ ತಗೋತೀರಮ್ಮಾ?" "ದಿನಾ ರಾತ್ರಿ, ಊಟವಾದ ಮೇಲೆ" ಎಂದಳು ಆಕೆ. "ಇಲ್ಲಮ್ಮಾ, ಇದು ವಾರಕ್ಕೆ ಒಂದೇ ದಿನ. ಯಾವ ದಿನ ಅಂತ ನೀವೇ ಹೇಳಿ, ಬರೆದುಕೊಡ್ತೀನಿ." 'ಸೋಮವಾರ ಮಾತ್ರ' ಎಂದು ಪೊಟ್ಟಣದ ಮೇಲೆ ದಪ್ಪಕ್ಷರದಲ್ಲಿ ಬರೆದರು. ವಾರಕ್ಕೊಮ್ಮೆ ಕೊಡುವ ಆ ಔಷಧವನ್ನು ದಿನವೂ ನುಂಗಿದರೆ ಅಸ್ಥಿಮಜ್ಜೆ ಕುಂದಿ ಪ್ರಾಣಕ್ಕೇ ಎರವಾಗಬಹುದೆಂದು ಅನಂತರ ತಿಳಿದೆ.

ವರ್ಷಾಂತ್ಯದ ಕಾರ್ಯನಿರ್ವಹಣಾ ವರದಿಯಲ್ಲಿ ಈ ಅರ್ಧ ನಿಮಿಷಕ್ಕೆ ಯಾವ ಅಂಕಣವಿದೆ? ಹಾಜರಾತಿಗೆ ಪುಸ್ತಕವಿದೆ, ದಾಸ್ತಾನಿಗೆ ಲೆಕ್ಕವಿದೆ, ವಿಲೇವಾರಿಯಾದ ಚೀಟಿಗಳಿಗೆ ಸಂಖ್ಯೆಯಿದೆ. ಸಂಭವಿಸದೆ ಹೋದ ಅನಾಹುತಕ್ಕೆ ಮಾತ್ರ ಗುರುತು ಉಳಿಯುವುದಿಲ್ಲ.

ಅಳೆಯುವ ಬಗೆಯೇ ಇಲ್ಲವೆಂದಲ್ಲ. ವಿಶ್ವ ಆರೋಗ್ಯ ಸಂಸ್ಥೆ 1993ರಲ್ಲಿ ಪ್ರಕಟಿಸಿದ ಕೈಪಿಡಿಯೊಂದು, ಔಷಧ ವಿತರಣೆಗೆ ಹಿಡಿದ ಸಮಯದ ಜೊತೆಗೆ, ಬರೆದುಕೊಟ್ಟ ಔಷಧಗಳಲ್ಲಿ ಎಷ್ಟು ದೊರೆತವು, ಪೊಟ್ಟಣದ ಮೇಲೆ ವಿವರ ಸರಿಯಾಗಿತ್ತೇ, ಪ್ರಮಾಣ ರೋಗಿಗೆ ತಿಳಿದಿತ್ತೇ ಎಂಬುದನ್ನೂ ಎಣಿಸಹೇಳುತ್ತದೆ. ನಮ್ಮ ದೇಶದ 2015ರ ಫಾರ್ಮಸಿ ವೃತ್ತಿ ನಿಯಮಾವಳಿಯೂ ರೋಗಿಗೆ ತಿಳಿಯಹೇಳುವುದನ್ನು ಫಾರ್ಮಸಿಸ್ಟರ ಕರ್ತವ್ಯಗಳಲ್ಲಿ ಸೇರಿಸಿದೆ. ಕಿಟಕಿ ದಾಟಿ ಬಂದ ಹತ್ತು ಮಂದಿಯನ್ನು, 'ಯಾವ ಮಾತ್ರೆ, ಎಷ್ಟು, ಎಂದು?' ಎಂದು ಕೇಳಿದರೆ ಒಳಗಿರುವವರ ಯೋಗ್ಯತೆ ಬಹುಮಟ್ಟಿಗೆ ಗೊತ್ತಾಗುತ್ತದೆ.

ಆದರೆ ಎರಡು ಎಚ್ಚರಿಕೆಗಳು ಅಗತ್ಯ. ಸರದಿ ಉದ್ದವಾಗಿದ್ದರೆ, ಕಿಟಕಿಗೆ ಒಬ್ಬರನ್ನೇ ಕೂರಿಸಿದ ಆಡಳಿತದ ಅಂಕವನ್ನು ಮೊದಲು ಕಳೆಯಬೇಕು. ತನ್ನ ತಪ್ಪನ್ನು ತಾನೇ ಬರೆದಿಟ್ಟವನಿಗೆ ದಂಡ ವಿಧಿಸಬಾರದು; ವಿಧಿಸಿದರೆ ಮರುವರ್ಷ ಪುಸ್ತಕ ಶುಭ್ರವಾಗಿರುತ್ತದೆ, ತಪ್ಪುಗಳು ಮಾತ್ರ ಹಾಗೆಯೇ ಉಳಿಯುತ್ತವೆ.

ಅಂದು ಮನಸ್ಸಿನಲ್ಲಿ ಹಾಕಿದ ಅಂಕವನ್ನು ನಾನು ತಿದ್ದಿಕೊಂಡಿದ್ದೇನೆ. ಮರುಮೌಲ್ಯಮಾಪನಕ್ಕೆ ಅವರೇನೂ ಅರ್ಜಿ ಹಾಕಿರಲಿಲ್ಲ.