ಜಡ್ಜ್ ಬದಲಾದರೆ ಮಗು ಸಿಗುತ್ತದೆಯೇ?
(ಸತ್ವಾದಲ್ಲಿ ನಡೆದ ಸದಸ್ಯರ ಕೂಟದಲ್ಲಿ ಮಾಡಿದ ಭಾಷಣ)



ವಾರಕ್ಕೊಂದು ರಜೆ. ಆ ದಿನದ ನಿದ್ದೆ ಬಿಟ್ಟು ಬಂದಿದ್ದೀರಿ, ಹಾಗಾಗಿ ವಿಷಯಕ್ಕೇ ಬರುತ್ತೇವೆ.

ಇದೇ ಸತ್ವಾದಲ್ಲಿ ಹೊಲಿಗೆ ಕೆಲಸ ಮಾಡುವ ಸಹೋದರರೊಬ್ಬರು ಈಚೆಗೆ ನಮ್ಮ ಬಳಿ ಬಂದರು. ತಲಾಖ್ ಆಗಿದೆ. ಆರು ವರ್ಷದ ಮಗಳ ಕಸ್ಟಡಿ ಕೇಸು ಊರಿನ ಕೋರ್ಟಿನಲ್ಲಿದೆ. "ಜಡ್ಜ್ ಪೂರಾ ಅವಳ ಕಡೆ. ಎಷ್ಟು ಖರ್ಚಾದರೂ ಸರಿ, ಜಡ್ಜನ್ನೇ ಬದಲಿಸಬೇಕು" ಅಂದರು. ಯಾಕೆ ಹಾಗನಿಸಿತು ಎಂದು ಕೇಳಿದೆವು. ಎರಡು ವಾಯಿದೆಗೆ ಯಾರೂ ಹೋಗದ್ದಕ್ಕೆ ಜಡ್ಜ್ ಗದರಿದರಂತೆ. ಮಗು ಸದ್ಯಕ್ಕೆ ಉಮ್ಮನ ಹತ್ತಿರವೇ ಇರಲಿ ಅಂದರಂತೆ. ಇದೆಲ್ಲ ಅಣ್ಣ ಫೋನಿನಲ್ಲಿ ಹೇಳಿದ್ದು, ಇವರು ಕಣ್ಣಾರೆ ಕಂಡದ್ದಲ್ಲ.

ಕೇಸನ್ನು ಬೇರೆ ಕೋರ್ಟಿಗೆ ವರ್ಗಾಯಿಸಲು ಕಾನೂನಿನಲ್ಲಿ ದಾರಿಯಿದೆ. ಸಿವಿಲ್ ಪ್ರಕ್ರಿಯಾ ಸಂಹಿತೆಯ 24ನೇ ಕಲಂ ಪ್ರಕಾರ ಹೈಕೋರ್ಟಿಗೆ ಅರ್ಜಿ ಹಾಕಬಹುದು. ಮಂಗಳೂರಿನ ಕೇಸಾದರೆ ಕರ್ನಾಟಕ ಹೈಕೋರ್ಟ್, ಕಾಸರಗೋಡಿನದ್ದಾದರೆ ಕೇರಳ ಹೈಕೋರ್ಟ್. ಆದರೆ ಕಾಸರಗೋಡಿನಿಂದ ಮಂಗಳೂರಿಗೆ ತರಬೇಕೆಂದರೆ 25ನೇ ಕಲಂ, ಅಂದರೆ ದೆಹಲಿಯ ಸುಪ್ರೀಂ ಕೋರ್ಟು! ಬಸ್ಸಿನಲ್ಲಿ ಹೋಗಿ ಬರುವಷ್ಟೇ ದೂರ, ಆದರೆ ನಡುವೆ ತಲಪಾಡಿ ಗಡಿಯಿದೆ.

ಕಾರಣವೂ ಗಟ್ಟಿ ಇರಬೇಕು. ಜಡ್ಜ್ ಎದುರು ಪಕ್ಷದ ಸಂಬಂಧಿಕರು, ಹಿಂದೆ ಅವರ ವಕೀಲರಾಗಿದ್ದವರು, ವಿಚಾರಣೆಗೆ ಮೊದಲೇ ತೀರ್ಪು ಆಡಿ ತೋರಿಸಿದವರು, ಇಂಥದ್ದು. ಗದರಿದ್ದು, ನಮಗೆ ವಿರುದ್ಧ ಆದೇಶ ಬರೆದದ್ದು ಪಕ್ಷಪಾತ ಆಗುವುದಿಲ್ಲ. ಆದೇಶ ತಪ್ಪೆನಿಸಿದರೆ ಅದನ್ನು ಮೇಲಿನ ಕೋರ್ಟಿನಲ್ಲಿ ಪ್ರಶ್ನಿಸಬೇಕು. ಫ್ಯಾಮಿಲಿ ಕೋರ್ಟಿನ ಅಂತಿಮ ತೀರ್ಪಿಗೆ ಹೈಕೋರ್ಟಿನಲ್ಲಿ ಅಪೀಲು ಹಾಕಲು 30 ದಿನವಷ್ಟೇ ಸಮಯ. ಆಧಾರವಿಲ್ಲದೆ ಜಡ್ಜ್ ಮೇಲೆ ಆರೋಪ ಬರೆದು ಸಹಿ ಹಾಕಿದರೆ ನಮ್ಮ ಕುತ್ತಿಗೆಗೇ ಬರುತ್ತದೆ.

ಇನ್ನೊಂದು ಮಾತು. ಹೊಸ ಜಡ್ಜ್ ಬಂದರೂ ಓದುವುದು ಅದೇ ಕಾನೂನು. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯ 17ನೇ ಕಲಂ ನೋಡುವುದು ಮಗುವಿನ ಹಿತವನ್ನು. ಶಾಲೆಗೆ ಬಿಡುವವರು ಯಾರು, ಜ್ವರ ಬಂದಾಗ ಹತ್ತಿರ ಇರುವವರು ಯಾರು? ನಾವು ಇಲ್ಲಿ ಬೆಡ್ ಸ್ಪೇಸ್‌ನಲ್ಲಿ ಇರುವವರು. ಇದಕ್ಕೆ ಉತ್ತರ ನಮ್ಮ ಬಳಿ ಇರಬೇಕು.

ಹಾಗಾದರೆ ಏನು ಮಾಡಬೇಕು? ಮಗುವಿಗೆ ಕಳಿಸಿದ ಹಣದ ರಸೀದಿ, ಶಾಲೆಯ ಫೀಸಿನ ರಸೀದಿ ಜೋಪಾನ ಮಾಡಿ. ಕಾನ್ಸುಲೇಟಿನಲ್ಲಿ ಅಟೆಸ್ಟ್ ಮಾಡಿಸಿದ ಪವರ್ ಆಫ್ ಅಟಾರ್ನಿ ಊರಿಗೆ ಕಳಿಸಿ, ವಾಯಿದೆ ತಪ್ಪಿಸಬೇಡಿ. ವಾರಕ್ಕೊಮ್ಮೆ ವಿಡಿಯೋ ಕಾಲ್ ಬೇಕೆಂದು, ರಜೆಯಲ್ಲಿ ಮಗು ಜೊತೆಗಿರಲು ಬಿಡಬೇಕೆಂದು ಟಿಕೆಟ್ ಪ್ರತಿ ಇಟ್ಟು ಮುಂಚಿತವಾಗಿ ಅರ್ಜಿ ಹಾಕಿಸಿ. ಊರಿನ ಸಹೋದರಿಯರಿಗೂ ಹೇಳಿ, ಮಹಿಳೆಯರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಲ್ಲಿ ಉಚಿತ ವಕೀಲರು ಸಿಗುತ್ತಾರೆ.

ಆ ಸಹೋದರ ವರ್ಗಾವಣೆಯ ಯೋಚನೆ ಬಿಟ್ಟು ವಿಡಿಯೋ ಕಾಲಿಗೆ ಅರ್ಜಿ ಹಾಕಿಸಿದರು. ಅದೇ ಜಡ್ಜ್ ಒಪ್ಪಿದರು. ಈಗ ವಾರಕ್ಕೊಮ್ಮೆ ಮಗಳು ಸ್ಕ್ರೀನಿನಲ್ಲಿ ಬಂದು "ಬಾಪ, ಯಾವಾಗ ಬರ್ತೀರಿ?" ಅಂತ ಕೇಳುತ್ತಾಳೆ. ಕೇಸು ಇನ್ನೂ ಮುಗಿದಿಲ್ಲ.

ಮಕ್ಕಳು ಅಲ್ಲಾಹನು ನಮ್ಮ ಕೈಗೆ ಕೊಟ್ಟ ಅಮಾನತ್. ಉಮ್ಮ ಬಾಪನ ಜಗಳದಲ್ಲಿ ಅವರು ನಲುಗದಿರಲಿ. ಆಮೀನ್. ವಸ್ಸಲಾಂ.